ಮೋಕ್ ಮನೆಯ ಎರಡನೆಯ ಮಗ

ಲೋಕ್‌ಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕವನಿದ್ದಾಗ ಬಂದ ಯಾವುದೋ ಜ್ವರ ಅದನ್ನು ಒಯ್ದಿತ್ತು. ಅದಕ್ಕೇ ಸೇವಂತಿಗೆ ಸಾಲು ಹಿಡಿದು ಮೊಗ್ಗು ಚಿವುಟುವಾಗ ಅವನ ಅಣ್ಣ ಫೈ ಯಾವಾಗಲೂ ಬಲಗಡೆಯ ಸಾಲಿನಲ್ಲೇ ಇರುತ್ತಿದ್ದ. ಇಬ್ಬರೂ ಹಗಲಿಡೀ ಏನಾದರೊಂದು ಹರಟುತ್ತಿದ್ದರು. ಸಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ, ಬೆಲ್ಮಾಂಟ್ ಗುಡ್ಡಗಳ ಬುಡದಲ್ಲಿ ಆಗ ಚೀನಾದ ನಮ್ಮ ಚುಂಗ್‌ಶಾನ್ ಸೀಮೆಯವರ ಹೂತೋಟಗಳು ಒಂದರ ಪಕ್ಕಕ್ಕೊಂದು ಇದ್ದವು. 1950ರಲ್ಲಿ ನಾನು ಮದುವೆಯಾಗಿ ಅಲ್ಲಿಗೆ ಬಂದೆ. ಬೇಲಿಯ ಈಚೆ ನನ್ನ ಗಂಡನ ಮನೆಯ ತೋಟ, ಆಚೆ ಮೋಕ್ ಅಣ್ಣತಮ್ಮಂದಿರ ತೋಟ. ಮೊದಲ ವಾರವೇ ನಮ್ಮತ್ತೆ ಆಚೆ ಕಡೆ ಕೈ ತೋರಿಸಿ ಹೇಳಿದ್ದರು: “ಅಣ್ಣತಮ್ಮ ಅಂದ್ರೆ ಅಲ್ಲಿ ನೋಡು. ನಾನೂ ಮೂರು ಹೆತ್ತಿದೀನಿ, ಒಬ್ಬನ ಮುಖ ಇನ್ನೊಬ್ಬ ನೋಡಲ್ಲ.”

ಅವರಿಬ್ಬರೂ ಒಡಹುಟ್ಟಿದವರಲ್ಲ ಎಂದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಹೇಳಿದವರೂ ಅದೇ ಅತ್ತೆ, ಮೂಲಂಗಿ ಹೆಚ್ಚುತ್ತಾ, ಏನೂ ವಿಶೇಷವಿಲ್ಲದವರ ಹಾಗೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಹಾಗೇ ಇದ್ದರು. ಚೀನೀಯರು ಈ ದೇಶಕ್ಕೆ ಬರಲೇಬಾರದು ಎಂಬ ಕಾನೂನಿದ್ದ ಕಾಲದಲ್ಲಿ, ಇಲ್ಲಿ ಹುಟ್ಟಿದವರ ಮಕ್ಕಳಿಗೆ ಮಾತ್ರ ಬಾಗಿಲು ತೆರೆದಿತ್ತು. ಫೈನ ಅಪ್ಪ ಹಿಂಗ್ ದೊಡ್ಡಯ್ಯ, 1906ರ ದೊಡ್ಡ ಭೂಕಂಪದಲ್ಲಿ ನಗರದ ಜನನ ದಾಖಲೆಗಳೆಲ್ಲ ಸುಟ್ಟುಹೋದ ಮೇಲೆ, ತಾವು ಹುಟ್ಟಿದ್ದು ಇಲ್ಲೇ ಎಂದು ಬರೆಸಿಕೊಂಡವರು. ಊರಿಗೆ ಹೋಗಿ ಬಂದಾಗಲೆಲ್ಲ ಒಬ್ಬ ಮಗ ಹುಟ್ಟಿದ ಎಂದು ಹೇಳಿದವರು. ನಿಜವಾಗಿ ಹುಟ್ಟಿದ್ದು ಒಬ್ಬನೇ, ಕುನ್‌ಫೈ. ಕಾಗದದಲ್ಲಿ ಹುಟ್ಟಿದ ಎರಡನೆಯವನು ಕುನ್‌ಲೋಕ್. ಆ ಹೆಸರಿನ ಜಾಗವನ್ನು ಹೊಳೆಯಾಚೆಯ ಹಳ್ಳಿಯ ಯುಯೆನ್ ಎಂಬ ಮನೆತನದವರು ತಮ್ಮ ಮಗನಿಗೆ ಕೊಂಡರು. ಹುಡುಗನ ನಿಜವಾದ ಹೆಸರು ಯುಯೆನ್ ಪಾಕ್‌ಹೊಂಗ್. 1936ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಅವನು ಮೋಕ್ ಕುನ್‌ಲೋಕ್ ಆಗಿ ಹಡಗು ಹತ್ತಿದ.

ಕೈಗೊಂದು ಪುಸ್ತಕ ಕೊಟ್ಟಿದ್ದರಂತೆ. ಮೋಕ್ ಮನೆಗೆ ಎಷ್ಟು ಮೆಟ್ಟಿಲು, ಅಕ್ಕಿ ಪೆಟ್ಟಿಗೆ ಯಾವ ಮೂಲೆಗೆ, ಅಜ್ಜಿಯ ಗೋರಿ ಯಾವ ದಿಕ್ಕಿಗೆ, ಬಾವಿಗೆ ಎಷ್ಟು ಹೆಜ್ಜೆ. ಎಲ್ಲ ಬಾಯಿಪಾಠ ಮಾಡಿ, ಬಂದರು ಕಾಣುವ ಮೊದಲೇ ಪುಸ್ತಕವನ್ನು ಸಮುದ್ರಕ್ಕೆ ಎಸೆದ. ವಲಸೆ ಅಧಿಕಾರಿಗಳು ಕೊಲ್ಲಿಯ ನಡುಗಡ್ಡೆಯಲ್ಲಿ ಇಪ್ಪತ್ತಾರು ದಿನ ಇಟ್ಟುಕೊಂಡು ಪ್ರಶ್ನೆ ಕೇಳಿದರು. ಎಲ್ಲ ಸರಿಯಾಗೇ ಹೇಳಿದವನು, ಮನೆಯಲ್ಲಿ ನಾಯಿ ಇತ್ತೇ ಎಂದಾಗ ಎಡವಿದ. ಪುಸ್ತಕದಲ್ಲಿ ನಾಯಿಯ ಮಾತಿರಲಿಲ್ಲ. ತನ್ನ ಸ್ವಂತ ಮನೆಯ ನೆನಪಾಗಿ, “ಇತ್ತು, ಹಳದಿ ನಾಯಿ” ಅಂದುಬಿಟ್ಟ. ಸಾಕ್ಷಿ ಹೇಳಲು ಬಂದಿದ್ದ ಫೈ ಆಗಲೇ ನಾಯಿ ಇರಲಿಲ್ಲ ಎಂದು ಹೇಳಿಹೋಗಿದ್ದ.

ಫೈನನ್ನು ಮತ್ತೆ ಕರೆಸಿದರು. ಲೋಕ್‌ನನ್ನು ಅದುವರೆಗೆ ಕಣ್ಣಾರೆ ನೋಡಿರದ ಫೈ ಒಂದು ಗಳಿಗೆ ಯೋಚಿಸಿ, “ನಾನು ಊರು ಬಿಟ್ಟು ಏಳು ವರ್ಷ ಆಯ್ತು ಸ್ವಾಮಿ. ಆಮೇಲೆ ತಂದಿರಬಹುದು. ನನ್ನ ತಮ್ಮನಿಗೆ ಮೊದಲಿಂದಲೂ ನಾಯಿ ಹುಚ್ಚು” ಅಂದನಂತೆ. ಹುಡುಗ ಪಾರಾದ. ದೋಣಿ ಇಳಿದಾಗ ದಡದಲ್ಲಿ ಕಾಯುತ್ತಿದ್ದ ಫೈ ಅವನ ಗಂಟು ಕೈಗೆ ತೆಗೆದುಕೊಂಡು ಕೇಳಿದ ಮೊದಲ ಮಾತು, “ನಾಯಿ ಹೆಂಗಿದೆ?”

ಅದು ಅವರಿಬ್ಬರ ನಡುವೆ ಇಪ್ಪತ್ತೈದು ವರ್ಷ ನಡೆದ ತಮಾಷೆ. ಊಟದಲ್ಲಿ ಒಂದು ತುಂಡು ಮಾಂಸ ಉಳಿದರೆ ಫೈ, “ನಾಯಿಗೆ ಇಡು” ಅನ್ನುತ್ತಿದ್ದ. ಲೋಕ್ ತಡವಾಗಿ ಎದ್ದರೆ “ನಾಯಿ ಬಿಡಲಿಲ್ವೇನೋ ರಾತ್ರಿ?” ನಾವೂ ನಗುತ್ತಿದ್ದೆವು.

ಹಿಂಗ್ ದೊಡ್ಡಯ್ಯನಿಗೆ ಲೋಕ್ ಮೊದಲು ಕಾಗದದ ಮಗ, ಆಮೇಲೆ ಮಗ. ಯುದ್ಧ ಬಂದಾಗ ಅಣ್ಣತಮ್ಮ ಇಬ್ಬರೂ ಸೈನ್ಯಕ್ಕೆ ಹೆಸರು ಕೊಟ್ಟರು. ಲೋಕ್‌ನನ್ನು ಕಿವಿಗಾಗಿ ವಾಪಸು ಕಳಿಸಿದರು. ಫೈಗೆ ಆಗ ಮೂವತ್ತೊಂದು, ಹೆಂಡತಿ ಯುಕ್‌ಲಾನ್, ಐದು ವರ್ಷದ ಮಗ ವಿಕ್ಟರ್. ಹೋಗಲೇಬೇಕೆಂದೇನೂ ಇರಲಿಲ್ಲ. ಅವನು ಲೋಕ್‌ಗೆ ಹೇಳಿದ್ದನ್ನು ಯುಕ್‌ಲಾನ್ ಅತ್ತಿಗೆಯೇ ನನಗೆ ಹೇಳಿದ್ದಾಳೆ: “ನೀನಿದೀಯಲ್ಲ, ಅದಕ್ಕೇ ಹೋಗ್ತಿದೀನಿ. ಇಲ್ದಿದ್ರೆ ಎಲ್ಲಿ ಹೋಗ್ತಿದ್ದೆ?” ಮೂರು ವರ್ಷ ತೋಟ ನಡೆಸಿದ್ದು ಲೋಕ್. ವಿಕ್ಟರ್‌ನನ್ನು ಲಾರಿಯಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದು ಲೋಕ್. ಹುಡುಗನಿಗೆ ನಾಯಿಕೆಮ್ಮು ಬಂದಾಗ ಎದೆಗೆ ಎಣ್ಣೆ ತಿಕ್ಕುತ್ತಾ ಕೂತದ್ದೂ ಅವನೇ. 1951ರಲ್ಲಿ ದೊಡ್ಡಯ್ಯ ಪಾರ್ಶ್ವವಾಯು ಹೊಡೆದು ಮಲಗಿದಾಗ ಎಂಟು ತಿಂಗಳು ಅವರ ಮೈ ಒರೆಸಿ, ಗಂಜಿ ಕುಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫೈಗೆ ಆ ವಾಸನೆ ತಡೆಯಲಾಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು “ಅಪ್ಪ ಹೆಂಗಿದಾರೆ?” ಎಂದು ಕೇಳಿ ಹೋಗುತ್ತಿದ್ದ. ದೊಡ್ಡಯ್ಯ ಸತ್ತಾಗ ಕೋಲ್ಮಾದ ಸ್ಮಶಾನದಲ್ಲಿ ಕಲ್ಲು ನಿಲ್ಲಿಸಿದರು. ಅದರ ಮೇಲೆ ಎಡಕ್ಕೆ ಸಣ್ಣ ಅಕ್ಷರದಲ್ಲಿ ಇಬ್ಬರು ಮಕ್ಕಳ ಹೆಸರಿತ್ತು.

ಅಷ್ಟರಲ್ಲಿ ಲೋಕ್ ಊರಿಂದ ಮದುವೆಯಾಗಿ ಬಂದಿದ್ದ. ಹೆಂಡತಿ ಸ್ಯೂಹಾ ನನ್ನ ಓರಗೆಯವಳು, ಮಾತು ಕಡಿಮೆ, ಕೈ ಚುರುಕು. ಅವರಿಗೊಬ್ಬಳು ಮಗಳು, ಲಿಲಿಯನ್. ಎರಡು ಸಂಸಾರಕ್ಕೂ ಅಡುಗೆಮನೆ ಒಂದೇ. ಹಾಗಿರುವಾಗ ನಮ್ಮವರ ನಡುವೆ ಒಂದು ಸುದ್ದಿ ಹಬ್ಬಿತು. ಸುಳ್ಳು ಕಾಗದದ ಮೇಲೆ ಬಂದವರು ತಾವಾಗಿಯೇ ಬಂದು ಒಪ್ಪಿಕೊಂಡರೆ ಸರ್ಕಾರ ಅವರ ದಾರಿ ಸರಿ ಮಾಡಿಕೊಡಲು ನೋಡುತ್ತದಂತೆ. ಆದರೆ ಒಬ್ಬ ಒಪ್ಪಿಕೊಂಡರೆ ಅವನ ಕಾಗದದ ಕುಟುಂಬದಲ್ಲಿ ಯಾರ್ಯಾರಿದ್ದಾರೋ ಎಲ್ಲರ ಹೆಸರೂ ಹೇಳಬೇಕು. ಚೈನಾಟೌನ್‌ನ ಚಹಾದಂಗಡಿಗಳಲ್ಲಿ ಜನ ಪಿಸುಮಾತಿಗಿಳಿದರು. “ನಿಮ್ಮನೇಲಿ ಯಾರಾದ್ರೂ ಹೋಗ್ತಾರಾ?” ಎಂದು ಕೇಳುವುದೇ ಅಪಶಕುನವಾಯಿತು.

ಒಂದು ದಿನ ಹೂ ಕಟ್ಟುವ ಶೆಡ್ಡಿನಲ್ಲಿ ನನ್ನ ಗಂಡ ಈ ಮಾತೆತ್ತಿದ. ಫೈ ದಾರ ಕಚ್ಚಿ ತುಂಡು ಮಾಡಿ, “ನಾವ್ಯಾಕಪ್ಪ ಹೋಗೋಣ? ನಮ್ಮಪ್ಪ ಇಲ್ಲೇ ಹುಟ್ಟಿದೋರು. ಬೇಕಾದ್ರೆ ನಾಯೀನ ಕೇಳಿ” ಅಂದ. ಲೋಕ್ ನಗುತ್ತಾ ಹೂಕಟ್ಟುಗಳನ್ನು ನೀರಿಗೆ ಇಳಿಸುತ್ತಿದ್ದ. ಅದು 1960ರ ಶರತ್ಕಾಲ.

ಮುಂದಿನ ಜುಲೈನಲ್ಲಿ ಲೋಕ್‌ಗೆ ಒಂದು ಕಾಗದ ಬಂತು, ನಗರದ ವಲಸೆ ಕಚೇರಿಯಿಂದ. ನಾನು ಈ ದೇಶದಲ್ಲೇ, ವಾಟ್ಸನ್‌ವಿಲ್‌ನಲ್ಲಿ ಹುಟ್ಟಿ ಬೆಳೆದವಳು, ಹೈಸ್ಕೂಲು ಮುಗಿಸಿದವಳು. ಸುತ್ತಲಿನ ತೋಟಗಳವರೆಲ್ಲ ಇಂಗ್ಲಿಷ್ ಕಾಗದ ಬಂದರೆ ನನ್ನ ಹತ್ತಿರ ತರುತ್ತಿದ್ದರು. ಓದಿದೆ. ಇಂಥ ದಿನ ಬಂದು ಕಾಣಬೇಕು, ನಿಮ್ಮ ಪೌರತ್ವದ ವಿಚಾರ ಅಂತಷ್ಟೇ ಇತ್ತು.

“ಹಡಗಿನ ಟಿಕೆಟ್ ತಗೊಂಡಿದೀನಲ್ಲ, ಅದಕ್ಕೇ ಇರಬಹುದು” ಅಂದ ಲೋಕ್. ಹೂವಿನ ಕಾಲ ಮುಗಿದ ಮೇಲೆ, ಡಿಸೆಂಬರಿನಲ್ಲಿ, ಅವನು ಹಾಂಗ್‌ಕಾಂಗ್‌ಗೆ ಹೊರಡುವವನಿದ್ದ. ಅವನ ಹೆತ್ತ ತಾಯಿ ಊರು ಬಿಟ್ಟು ಅಲ್ಲಿ ಯಾರದೋ ಮನೆಯ ಮಾಳಿಗೆಯಲ್ಲಿದ್ದಳು, ಮುಪ್ಪಾಗಿ ಕಣ್ಣು ಮಂಜಾಗಿತ್ತು. ಮದುವೆಗೆ ಹೋದಾಗ ಹದಿನೈದು ದಿನ ನೋಡಿದ್ದು ಬಿಟ್ಟರೆ ಮತ್ತೆ ಕಂಡಿರಲಿಲ್ಲ. ಕಾಗದದಲ್ಲಿ ಅವನ ತಾಯಿ ಫೈನ ತಾಯಿ. ಹಾಗಾಗಿ ಹೆತ್ತವಳನ್ನು ಇಲ್ಲಿಗೆ ಕರೆಸುವ ಮಾತೇ ಇರಲಿಲ್ಲ.

“ನಾನೂ ಬರಲಾ?” ಎಂದು ಫೈ ಕೇಳಲಿಲ್ಲ. ನನ್ನ ಕಡೆ ಕೈ ತೋರಿಸಿ, “ಎಡ್ನಾನ ಕರ್ಕೊಂಡು ಹೋಗು, ಅವಳಿಗೆ ಭಾಷೆ ಬರುತ್ತೆ” ಅಂದ. ಅವತ್ತು ಅದು ನನಗೆ ಏನೂ ಅನ್ನಿಸಲಿಲ್ಲ.

ಕಚೇರಿಯವನು ವಯಸ್ಸಾದ ಮನುಷ್ಯ, ಸೌಮ್ಯವಾಗೇ ಮಾತಾಡಿದ. ಅವರದೇ ದುಭಾಷಿ ಇದ್ದ, ಆದರೆ ಅವನ ಮಾತು ನಗರದ ಕ್ಯಾಂಟನೀಸ್. ನಮ್ಮ ಚುಂಗ್‌ಶಾನ್ ಮಾತಿನಲ್ಲಿ ಕೇಳಬೇಕು ಅಂತ ಲೋಕ್ ನನ್ನ ಕಡೆ ನೋಡಿದ. ಅಧಿಕಾರಿ ಅಭ್ಯಂತರ ಮಾಡಲಿಲ್ಲ. ಟೈಪ್ ಮಾಡಿದ ನಾಲ್ಕು ಹಾಳೆ ನನ್ನ ಕೈಗೆ ಕೊಟ್ಟ. ಮೇಲೆ ಫೈನ ಹೆಸರಿತ್ತು. ಪ್ರತಿ ಹಾಳೆಯ ಕೊನೆಗೂ ಅವನ ಸಹಿ.

ಫೈನ ಹೇಳಿಕೆ ಓದುತ್ತಾ ಹೋದೆ: ನನ್ನ ತಂದೆ ಈ ದೇಶದಲ್ಲಿ ಹುಟ್ಟಿದವರಲ್ಲ. ನಾನು ಅವರ ಒಬ್ಬನೇ ಮಗ. ಮೋಕ್ ಕುನ್‌ಲೋಕ್ ಎಂಬ ಹೆಸರಿನಲ್ಲಿ ಇರುವವನು ಯುಯೆನ್ ಮನೆತನದವನು, ಹಣ ಕೊಟ್ಟು ಆ ಜಾಗ ಕೊಂಡವನು. ಅವನು ಬಂದಾಗ ನಾನು ಸುಳ್ಳು ಸಾಕ್ಷಿ ಹೇಳಿದೆ. ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ.

ಅಲ್ಲಿ ನಿಲ್ಲಿಸಿದೆ. ನೀರು ಕುಡಿದು ಮುಂದಿನ ಸಾಲು ಓದಿದೆ. “ಈ ವ್ಯಕ್ತಿಗೂ ನನಗೂ ಯಾವ ಸಂಬಂಧವೂ ಇಲ್ಲ.”

ಲೋಕ್ ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡೇ ಕೂತಿದ್ದ. “ಇನ್ನೊಂದ್ಸಲ ಓದು ತಂಗಿ” ಅಂದ.

ಓದಿದೆ.

“ಯಾವತ್ತು ಬರೆದಿದ್ದು ಇದು? ತಾರೀಕು ಇರುತ್ತಲ್ಲ.”

ಮಾರ್ಚ್ ಹದಿನಾಲ್ಕು. ಹೇಳಿದೆ. ಅವನು ಬೆರಳು ಮಡಿಸುತ್ತಾ ತಿಂಗಳು ಎಣಿಸಿದ. ಅಧಿಕಾರಿ ಮುಂದೇನಾಗುತ್ತದೆ ಎಂದು ವಿವರಿಸುತ್ತಿದ್ದ: ಪೌರತ್ವದ ಪತ್ರ ಒಪ್ಪಿಸಬೇಕು, ಇಷ್ಟು ವರ್ಷ ಇಲ್ಲೇ ಇದ್ದವರಿಗೆ ಉಳಿಯಲು ಅರ್ಜಿ ಹಾಕುವ ದಾರಿಯುಂಟು, ತೀರ್ಮಾನ ಆಗುವವರೆಗೆ ದೇಶ ಬಿಟ್ಟು ಹೋಗುವ ಹಾಗಿಲ್ಲ, ಹೋದರೆ ಮತ್ತೆ ಬರುವ ಭರವಸೆ ಕೊಡಲಾಗದು. ನಾನು ಒಂದೊಂದೇ ಹೇಳಿದೆ. ಅವನ ಗಮನ ಅಲ್ಲಿರಲಿಲ್ಲ.

ವಾಪಸು ಬರುವಾಗ ಲಾರಿ ಓಡಿಸುತ್ತಿದ್ದದ್ದು ಲೋಕ್. ಮಿಲ್‌ಬ್ರೇ ದಾಟಿದ ಮೇಲೆ ಹೇಳಿದ: “ಏಪ್ರಿಲ್‌ನಲ್ಲಿ ಅಪ್ಪನ ಗೋರಿಗೆ ಇಬ್ಬರೂ ಒಟ್ಟಿಗೇ ಹೋಗಿದ್ವಿ. ಎಡೆಗೆ ಇಡೋ ಹಂದಿಮಾಂಸ ನಾನೇ ಹಿಡ್ಕೊಂಡಿದ್ದೆ. ಅವನು ಊದಿನಕಡ್ಡಿ ಹಚ್ಚಿ ನನ್ನ ಕೈಗೆ ಕೊಟ್ಟ. ಆವಾಗ್ಲೇ ಸಹಿ ಹಾಕಿ ಒಂದು ತಿಂಗಳಾಗಿತ್ತು.” ಗೇರು ಬದಲಿಸಿ ಅಂದ, “ಮೇನಲ್ಲಿ ಸಸಿ ನೆಟ್ಟಿದ್ದು. ಅವನ ಸೊಂಟ ಹಿಡ್ಕೊಂಡಿತ್ತು, ಅವನ ಸಾಲೂ ನಾನೇ ನೆಟ್ಟೆ.”

ನಾನು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಅವನ ಹಿಂದೆಯೇ ತೋಟಕ್ಕೆ ನಡೆದೆ. ಬಿಸಿಲಿಗೆ ಕಟ್ಟಿದ ತೆಳುಬಟ್ಟೆಯ ಚಪ್ಪರದ ಕೆಳಗೆ ಫೈ ಮೊಗ್ಗು ಚಿವುಟುತ್ತಿದ್ದ. ನಮ್ಮನ್ನು ನೋಡಿ ಕೈ ನಿಲ್ಲಿಸಿದ. ಲೋಕ್ ಅವನ ಎದುರು ಸಾಲಿನ ಆಚೆ ನಿಂತ.

“ಹೇಳ್ಬೇಕು ಅಂತಾನೇ ಇದ್ದೆ ತಮ್ಮ” ಅಂದ ಫೈ.

“ಯಾವಾಗ?”

“ಈ ಸಲದ ಹೂವು ಮುಗೀಲಿ ಅಂತ…”

ಅಷ್ಟು ಅಂದವನು ತನ್ನ ಮಾತು ತನಗೇ ಕೇಳಿಸಿದಂತೆ ನಿಲ್ಲಿಸಿದ. ಆಮೇಲೆ ಒಂದೇ ಉಸಿರಿಗೆ ಹೇಳತೊಡಗಿದ. ವಿಕ್ಟರ್‌ಗೆ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಸೈನ್ಯಕ್ಕೆ ಸಂಬಂಧಪಟ್ಟ ಕೆಲಸ, ಅವನ ಅಪ್ಪ ಅಜ್ಜ ಎಲ್ಲರ ಹಿನ್ನೆಲೆ ಕೆದಕುತ್ತಾರೆ. ಸುಳ್ಳು ಸಿಕ್ಕಿಬಿದ್ದರೆ ಹುಡುಗನ ಬಾಳೇ ಹೋಗುತ್ತದೆ. ಯಾರಾದರೂ ಬೇರೆಯವರು ಹೇಳುವ ಮೊದಲು ತಾನೇ ಹೇಳುವುದು ವಾಸಿ ಅಂತ ವಕೀಲ ಅಂದ.

“ನಿನಗೇನೂ ಆಗಲ್ಲ. ನೀನು ಸೈನ್ಯದಲ್ಲಿ ಇದ್ದೋನು. ಅವತ್ತೇ ನಿನಗೆ ಪೌರತ್ವದ ಹೊಸ ಪತ್ರ ಕೊಟ್ಟಿರ್ತಾರೆ” ಅಂದ ಲೋಕ್.

ಫೈ ಇನ್ನೊಂದು ಮೊಗ್ಗು ಚಿವುಟಿದ. ಕೊಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು.

“ವಿಕ್ಟರ್‌ಗೋಸ್ಕರ ಅಂತ ನನ್ನ ಒಂದು ಮಾತು ಕೇಳಿದ್ರೆ ನಾನು ಬೇಡ ಅಂತಿದ್ನಾ? ನಾನೂ ನಿನ್ನ ಪಕ್ಕದಲ್ಲೇ ನಿಂತ್ಕೊಂಡು ಸಹಿ ಹಾಕ್ತಿದ್ದೆ. ಆ ಹುಡುಗನ್ನ ನಾನು ಎತ್ಕೊಂಡು ಓಡಾಡಿಲ್ವಾ?”

“ನೀನು ಹೆದರ್ಕೊಂಡು ಬಿಡ್ತೀಯ ಅಂತ. ನಿಮ್ಮಮ್ಮನ್ನ ನೋಡೋಕೆ ಹೋಗೋ ಆಸೇಲಿದ್ದೆ. ನೀನು ಬೇಡ ಅಂದುಬಿಟ್ರೆ?”

“ಅಂದ್ರೆ, ನಾನು ಹೋಗೋಕಾಗಲ್ಲ ಅಂತ ಗೊತ್ತಿದ್ದೇ ಮಾಡಿದ್ದು.”

“ಸುಳ್ಳಂತೂ ಹೇಳಿಲ್ಲ ನಾನು.” ಫೈನ ದನಿ ಸ್ವಲ್ಪ ಬಿರುಸಾಯಿತು. “ಅದರಲ್ಲಿರೋದು ಒಂದೊಂದು ಮಾತೂ ನಿಜ. ಹೌದೋ ಅಲ್ವೋ ಹೇಳು.”

“ಸುಳ್ಳು ಬರೆದಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ” ಅಂದ ಲೋಕ್. “ಯಾವ ಸಂಬಂಧವೂ ಇಲ್ಲ ಅಂತ ಬರೆದಿದೀಯಲ್ಲ. ಅದು ಅವರು ಕೇಳಿದ್ರಾ? ನೀನೇ ಹೇಳಿದ್ಯಾ?”

ಫೈ ನನ್ನ ಕಡೆ ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ. ಅವನು ತಲೆ ಬಗ್ಗಿಸಿ ಕೈಯಲ್ಲಿದ್ದ ಮೊಗ್ಗುಗಳನ್ನು ಬುಟ್ಟಿಗೆ ಹಾಕಿದ. ಲೋಕ್‌ಗೆ ಆ ಪ್ರಶ್ನೆಗೆ ಉತ್ತರ ಅವತ್ತೂ ಸಿಗಲಿಲ್ಲ, ಮುಂದೆಯೂ ಸಿಗಲಿಲ್ಲ.

ಆ ವರ್ಷದ ಹೂವನ್ನು ಅವನು ಬಿಟ್ಟುಕೊಡಲಿಲ್ಲ. ತಾನು ನೆಟ್ಟ ಸಾಲುಗಳನ್ನೆಲ್ಲ ತಾನೇ ಚಿವುಟಿ, ತಾನೇ ಕೊಯ್ದು, ತಾನೇ ಮಾರುಕಟ್ಟೆಗೆ ಸಾಗಿಸಿದ. ಆದರೆ ಬಲಗಡೆ ಯಾರೂ ಇರಲಿಲ್ಲ. ನವೆಂಬರಿನಲ್ಲಿ ತೋಟದ ನಡುವೆ ಹಗ್ಗ ಹಿಡಿದು ಎರಡು ಭಾಗ ಮಾಡಿದರು. ಸ್ಯೂಹಾ ಹಿಂದಿನ ಸಾಮಾನಿನ ಕೋಣೆಯಲ್ಲಿ ಒಲೆ ಹೂಡಿದಳು. ಯುಕ್‌ಲಾನ್ ಅತ್ತಿಗೆ ಮೊದಲ ವಾರವೇ ಒಂದು ಬಟ್ಟಲು ಕೋಳಿಸಾರು ತಂದುಕೊಟ್ಟು ಹೋದಳು. ಹದಿಮೂರು ವರ್ಷ ಒಂದೇ ಕಪಾಟಿನ ಬಟ್ಟಲುಗಳಲ್ಲಿ ಉಂಡವರು ಅವರು. ಸ್ಯೂಹಾ ಅದನ್ನು ತೊಳೆದು, ಒಳಗೆ ಎರಡು ಕಿತ್ತಳೆ ಇಟ್ಟು, ಹೊರಗಿನವರಿಗೆ ಹಿಂತಿರುಗಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟಳು. ಯುಕ್‌ಲಾನ್ ಬಟ್ಟಲು ತೆಗೆದುಕೊಂಡು ಬಾಗಿಲಲ್ಲೇ ಅತ್ತಳಂತೆ. ಮತ್ತೆ ಏನನ್ನೂ ತರಲಿಲ್ಲ.

ವಿಕ್ಟರ್ ಒಂದು ಭಾನುವಾರ ಬಂದ. ಅಲ್ಲಿಯವರೆಗೆ ಅವನಿಗೆ ಇದಾವುದೂ ಗೊತ್ತಿರಲಿಲ್ಲ, ಅಪ್ಪ ತನ್ನದಷ್ಟೇ ಹೇಳಿಕೊಂಡಿದ್ದಾನೆ ಅಂದುಕೊಂಡಿದ್ದ. “ಚಿಕ್ಕಪ್ಪ, ನಾನು ಕೆಲಸ ಬಿಡ್ತೀನಿ” ಅಂದ.

“ಬಿಟ್ರೆ ನನಗೇನು ಬಂತು?” ಅಂದ ಲೋಕ್. “ಎರಡೂ ಹೋಯ್ತು ಅಂತಾಗುತ್ತೆ. ಹೋಗು, ಸರಿಯಾಗಿ ಕೆಲಸ ಮಾಡು.”

ಮಾರನೆಯ ಏಪ್ರಿಲ್‌ನಲ್ಲಿ ಗೋರಿ ಗುಡಿಸುವ ಹಬ್ಬ ಬಂತು. ಹೋಗುವುದೋ ಬಿಡುವುದೋ ಎಂದು ಲೋಕ್ ನಾಲ್ಕು ದಿನ ಒದ್ದಾಡಿದ. ಕೊನೆಗೆ, “ಅಪ್ಪ ಏನು ಮಾಡಿದ್ರು? ಅವರೇನು ಸಹಿ ಹಾಕಿದಾರಾ?” ಎಂದು ತಾನೇ ತೀರ್ಮಾನಿಸಿ ಹೊರಟ. ನಮ್ಮ ಮಾವನ ಗೋರಿಯೂ ಅಲ್ಲೇ ಇದ್ದದ್ದರಿಂದ ನಾವೂ ಜೊತೆಗೆ ಹೋದೆವು. ಸ್ಯೂಹಾ ಬೇಯಿಸಿದ ಕೋಳಿ, ಹಂದಿಮಾಂಸ, ಕಿತ್ತಳೆ ಬುಟ್ಟಿಯಲ್ಲಿಟ್ಟಿದ್ದಳು. ಲೋಕ್ ತೋಳಿನ ತುಂಬ ಬಿಳಿ ಹೂ ತಂದಿದ್ದ.

ಹಳೆಯ ಕಲ್ಲಿರಲಿಲ್ಲ. ಅದರ ಜಾಗದಲ್ಲಿ ಹೊಸ ಕಲ್ಲು, ಬೂದುಬಣ್ಣದ್ದು, ನುಣ್ಣಗೆ. ದೊಡ್ಡಯ್ಯನ ಹೆಸರು, ಊರಿನ ಹೆಸರು. ಎಡಕ್ಕೆ ಒಂದೇ ಒಂದು ಹೆಸರು: ಮಗ ಕುನ್‌ಫೈ. ಫೈ, ಯುಕ್‌ಲಾನ್ ಆಗಲೇ ಬಂದು ಪೂಜೆ ಮುಗಿಸುತ್ತಿದ್ದರು. ಲೋಕ್ ಕಲ್ಲಿನ ಮೇಲಿದ್ದ ಅಕ್ಷರಗಳನ್ನು ಮೇಲಿಂದ ಕೆಳಗೆ ಓದಿದ. ಮತ್ತೊಮ್ಮೆ ಓದಿದ.

“ವಕೀಲರು ಹೇಳಿದ್ರು,” ಅಂದ ಫೈ. “ಎಲ್ಲೂ ಹಳೇದು ಏನೂ ಉಳೀಬಾರದು, ಅವರು ಇಲ್ಲೂ ಬಂದು ನೋಡ್ತಾರೆ ಅಂತ.”

“ಗೋರಿಗೆ ಬಂದು ಯಾರು ನೋಡ್ತಾರೆ?”

“ನೋಡ್ತಾರಂತೆ.”

“ಹಳೇ ಕಲ್ಲು ಎಲ್ಲಿದೆ?”

“ಕಲ್ಲು ಕಡಿಯೋನೇ ತಗೊಂಡು ಹೋದ.”

ಲೋಕ್ ಹೂವನ್ನು ಕೆಳಗಿಟ್ಟ. ಮೂರು ಸಲ ಬಗ್ಗಿ ನಮಸ್ಕಾರ ಮಾಡಿದ. ಎದ್ದು ನಿಂತು ಹೇಳಿದ, “ಮೋಕ್ ಅವರೇ, ಎಂಟು ತಿಂಗಳು ನಿಮ್ಮಪ್ಪನ ಮಲ ಬಾಚಿದ್ದು ಯಾವ ಹೆಸರಿನವನು ಅಂತ ಆ ವಕೀಲರನ್ನ ಒಂದ್ಸಲ ಕೇಳಿ ಬರೆಸಿಕೊಂಡು ಬನ್ನಿ.”

ಇಪ್ಪತ್ತಾರು ವರ್ಷದಲ್ಲಿ ಅವನು ಫೈನನ್ನು ಅಣ್ಣ ಅಂತಲ್ಲದೆ ಬೇರೆ ಹೆಸರಿಂದ ಕರೆದದ್ದನ್ನು ಯಾರೂ ಕೇಳಿರಲಿಲ್ಲ. ಫೈ ಏನೋ ಹೇಳಲು ಹೋದ. ಯುಕ್‌ಲಾನ್ ಅವನ ತೋಳು ಹಿಡಿದಳು. ಲೋಕ್ ಬುಟ್ಟಿಯನ್ನು ಅಲ್ಲೇ ಬಿಟ್ಟು ಗೇಟಿನ ಕಡೆ ನಡೆದ. ಇಟ್ಟ ಎಡೆಯನ್ನು ಮನೆಮಂದಿ ಹಂಚಿ ತಿನ್ನುವುದು ನಮ್ಮ ಪದ್ಧತಿ. ಅವತ್ತು ಸ್ಯೂಹಾ ಹಂದಿಮಾಂಸವನ್ನು ಹಾಗೇ ಬಟ್ಟೆಯಲ್ಲಿ ಮುಚ್ಚಿ ಯುಕ್‌ಲಾನ್ ಕೈಗೆ ಕೊಟ್ಟು, ಗಂಡನ ಹಿಂದೆ ಹೋದಳು.

ಲೋಕ್‌ನ ಅರ್ಜಿ, ವಿಚಾರಣೆ, ಸಾಕ್ಷಿ, ಮತ್ತೆ ಅರ್ಜಿ ಎಂದು ಐದು ವರ್ಷ ಹಿಡಿಯಿತು. ಎಲ್ಲ ಕಾಗದವನ್ನೂ ನಾನೇ ಓದಿದೆ. ಆ ನಡುವೆ, 1963ರ ಬೇಸಿಗೆಯಲ್ಲಿ, ಹಾಂಗ್‌ಕಾಂಗ್‌ನಿಂದ ಪತ್ರ ಬಂತು. ಅವನ ತಾಯಿ ಮಾಳಿಗೆಯ ಮೆಟ್ಟಿಲಲ್ಲಿ ಬಿದ್ದು, ಮೂರು ವಾರ ಮಲಗಿ, ಸತ್ತಳು. ಪತ್ರ ಚೀನೀಯಲ್ಲಿತ್ತು, ಅವನೇ ಓದಿಕೊಂಡ. ಓದಿ ಮಡಿಸಿ ಜೇಬಿಗಿಟ್ಟು ಸಂಜೆಯವರೆಗೂ ಗಿಡಗಳಿಗೆ ನೀರು ಬಿಟ್ಟ. ಸ್ಯೂಹಾಗೆ ಗೊತ್ತಾದದ್ದು ಅವನ ಅಂಗಿ ಒಗೆಯುವಾಗ.

ಅದಾದ ಮೇಲೆ ಅವನಲ್ಲಿ ಒಂದು ಬದಲಾವಣೆ ಬಂತು. ಯಾರನ್ನೂ ಬೈಯುತ್ತಿರಲಿಲ್ಲ. ಆದರೆ ಏನು ಹೇಳಿದರೂ “ಬರೆದುಕೊಡಿ” ಅನ್ನುತ್ತಿದ್ದ. ಗೊಬ್ಬರದವನು ಗುರುವಾರ ಬರುತ್ತೇನೆ ಅಂದರೂ “ಬರೆದುಕೊಡು.” ಒಮ್ಮೆ ನನ್ನ ಗಂಡ ನೀರಿನ ಪಾಳಿಯ ಬಗ್ಗೆ ಮಾತು ಕೊಟ್ಟಾಗಲೂ ಅದನ್ನೇ ಅಂದ. ನನ್ನವನಿಗೆ ಸಿಟ್ಟು ಬಂತು. “ಇಷ್ಟು ವರ್ಷದಿಂದ ಬೇಲಿ ಪಕ್ಕ ಇದೀವಿ, ನನ್ನ ಮಾತು ಸಾಲದಾ ನಿಂಗೆ?” ಅಂದ.

“ಅವನ ಮಾತು ಸಾಕು ಅಂತಿದ್ದೆ, ಇಪ್ಪತ್ತೈದು ವರ್ಷ” ಅಂದ ಲೋಕ್.

ನನ್ನ ಗಂಡ ಹೂವಿನ ರಸೀದಿಯ ಹಿಂದೆ ಬರೆದುಕೊಟ್ಟ. ಸಿಟ್ಟಿನಿಂದಲೇ ಬರೆದ, ಆದರೆ ಬರೆದ.

1966ರಲ್ಲಿ ಲೋಕ್‌ಗೆ ಇಲ್ಲಿ ಉಳಿಯುವ ಅನುಮತಿ ಸಿಕ್ಕಿತು. ಯಾವ ಹೆಸರು ಹಾಕಬೇಕು ಎಂದು ಕೇಳಿದರು. ಮೋಕ್ ಎಂದೇ ಉಳಿಸಿಕೊಳ್ಳಬಹುದಿತ್ತು. ನಮ್ಮಲ್ಲಿ ಬಹಳ ಜನ ಮಕ್ಕಳ ಶಾಲೆ, ಬ್ಯಾಂಕು, ಅಂಗಡಿಯ ಹೆಸರು ಅಂತ ಹಾಗೇ ಉಳಿಸಿಕೊಂಡರು. ಅವನು ಒಪ್ಪಲಿಲ್ಲ. ಆದರೆ ತನ್ನ ನಿಜವಾದ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಮೂರು ಬಗೆಯಲ್ಲಿ ಬರೆದು ತೋರಿಸಿದೆ.

“ಯಾವುದು ಸರಿ?” ಅಂದ.

“ಮೂರೂ ಸರಿ. ನೀನು ಯಾವುದು ಆರಿಸ್ತೀಯೋ ಅದೇ.”

“ನಮ್ಮಪ್ಪ ಇದ್ದಿದ್ರೆ ಯಾವುದು ಬರೀತಿದ್ದ ಅಂತ ನನಗೇನು ಗೊತ್ತು?” ಎಂದು ಬಹಳ ಹೊತ್ತು ಆ ಹಾಳೆಯನ್ನೇ ನೋಡಿ, ಕೊನೆಗೆ ಎಲ್ಲಕ್ಕಿಂತ ಚಿಕ್ಕದಿದ್ದದ್ದನ್ನು ಆರಿಸಿಕೊಂಡ.

ಮಗಳು ಲಿಲಿಯನ್‌ಗೆ ಆಗ ಹದಿನಾರು. “ನಾನು ಮೋಕ್. ನನ್ನ ಸ್ನೇಹಿತರಿಗೆಲ್ಲ ನಾನು ಮೋಕ್. ಈಗ ಹೋಗಿ, ಇಲ್ಲ, ನಾನು ಇನ್ಯಾರೋ ಅಂತ ಹೇಳಲಾ?” ಎಂದು ಜಗಳ ತೆಗೆದಳು.

“ಆ ಹೆಸರು ನಮ್ಮದಲ್ಲ” ಅಂದ ಅವನು.

“ನಿಂದಲ್ಲ ಅಪ್ಪ. ನಂದು. ನಾನು ಅದರಲ್ಲೇ ಹುಟ್ಟಿದ್ದು.”

ಅವಳು ಮೋಕ್ ಆಗಿಯೇ ಉಳಿದಳು, ಮದುವೆಯಾಗುವವರೆಗೆ. ಅಂಚೆಯವನು ಒಂದೇ ಮನೆಗೆ ಎರಡು ಹೆಸರಿನ ಪತ್ರ ತಂದು ಹಾಕುತ್ತಿದ್ದ. ನಗರದ ಮೋಕ್ ಕುಲಸಂಘದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿಕಳಿಸಿದರು, ಹೊಸವರ್ಷದ ಊಟಕ್ಕೆ ಅತಿಥಿಯಾಗಿ ಬನ್ನಿ ಅಂತ. ಇಪ್ಪತ್ತು ವರ್ಷ ಆ ಊಟದ ಮೇಜುಗಳಿಗೆ ಹೂ ಜೋಡಿಸಿದವನು ಅವನು. ಹೋಗಲಿಲ್ಲ. ಯುಯೆನ್ ಸಂಘದವರಿಗೆ ಅವನು ಯಾರೆಂದೇ ಗೊತ್ತಿರಲಿಲ್ಲ.

ಫೈ ತನ್ನ ಪಾಲಿನ ತೋಟವನ್ನು ಮನೆ ಕಟ್ಟುವವರಿಗೆ ಬಿಟ್ಟುಕೊಟ್ಟು ಮಗನ ಹತ್ತಿರ ಸನಿವೇಲ್‌ಗೆ ಹೋದ. ಹೊರಡುವ ದಿನ ಬೇಲಿಯ ಹತ್ತಿರ ಬಂದು ನಿಂತಿದ್ದನ್ನು ನಾನು ನೋಡಿದೆ. ಲೋಕ್ ಸಾಲಿನ ಮಧ್ಯೆ ಬಗ್ಗಿದ್ದ, ಎಡಗಿವಿ ಅವನ ಕಡೆಗಿತ್ತು. ಫೈ ಎರಡು ಸಲ ಕೂಗಿದ. ಕೇಳಿಸಿತೋ ಇಲ್ಲವೋ ಹೇಳಲಾರೆ. ನಾನು ಕೇಳಲೂ ಇಲ್ಲ.

ಫೈ 1974ರಲ್ಲಿ ಯಕೃತ್ತಿನ ಕಾಯಿಲೆಯಿಂದ ಸತ್ತ. ಸಾಯುವ ಮೊದಲು ಎರಡು ಸಲ ಹೇಳಿಕಳಿಸಿದ್ದ. ಲೋಕ್ ಹೋಗಲಿಲ್ಲ. ಸ್ಯೂಹಾ ಒಬ್ಬಳೇ ಹೋಗಿ ನೋಡಿ ಬಂದಳು. “ಏನಾದ್ರೂ ಹೇಳಿದ್ನಾ?” ಎಂದು ನಾನು ಕೇಳಿದ್ದಕ್ಕೆ, “ಅತ್ತ. ಅತ್ತರೆ ಏನಂತ ತಿಳ್ಕೊಳ್ಳೋದು?” ಅಂದಳು.

ಅಂತ್ಯಕ್ರಿಯೆಯ ಹಿಂದಿನ ದಿನ ಮಧ್ಯಾಹ್ನ ವಿಕ್ಟರ್ ಲೋಕ್‌ನ ಶೆಡ್ಡಿಗೆ ಬಂದ. ಕೂದಲು ಆಗಲೇ ನರೆತಿತ್ತು. ನಾನು ಅಲ್ಲೇ ಹೂ ಕಟ್ಟುತ್ತಿದ್ದೆ. “ಚಿಕ್ಕಪ್ಪ, ನಾಳೆ ನೀವು ಮನೆಯವರ ಸಾಲಲ್ಲಿ ನಿಲ್ಲಬೇಕು” ಅಂದ.

“ಏನಂತ ನಿಲ್ಲಲಿ?”

“ತಮ್ಮ ಅಂತ.”

“ನಿಮ್ಮಪ್ಪ ಬರೆದುಕೊಟ್ಟಿದಾನಪ್ಪ, ಅಲ್ಲ ಅಂತ. ಸಹಿ ಇದೆ. ನಾಲ್ಕು ಕಡೆ ಇದೆ.”

ವಿಕ್ಟರ್ ಬೆಂಚಿನ ಮೇಲೆ ಕೂತು ಕೈಗಳಲ್ಲಿ ಮುಖ ಮುಚ್ಚಿಕೊಂಡ. ಲೋಕ್ ಒಳಗೆ ಹೋಗಿ ಒಂದು ಬಟ್ಟಲು ನೂಡಲ್ಸ್ ತಂದು ಅವನ ಮುಂದಿಟ್ಟ. “ಬೆಳಗಿಂದ ಏನೂ ತಿಂದಿಲ್ಲ ಅನ್ಸುತ್ತೆ. ತಿನ್ನು” ಅಂದ. ವಿಕ್ಟರ್ ತಿಂದು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದ. ಅವನ ಮಕ್ಕಳ ಓದು ವಿಚಾರಿಸಿದ, ಕೆಮ್ಮು ಈಗಲೂ ಬರುತ್ತದಾ ಎಂದು ಕೇಳಿದ. ಕಾರಿನ ತನಕ ಹೋಗಿ ಬಿಟ್ಟು ಬಂದ.

ಮಾರನೆಯ ದಿನ ನಾವು ಕೋಲ್ಮಾಗೆ ಹೊರಟಾಗ ಅವನು ಅಂಗಳದಲ್ಲಿ ಸಸಿಮಡಿಗೆ ಮಣ್ಣು ಜರಡಿ ಹಿಡಿಯುತ್ತಿದ್ದ. “ಹೂ ತಗೊಂಡು ಹೋಗಲಾ ಲೋಕ್ ಅಣ್ಣ, ನಿನ್ನ ಕಡೆಯಿಂದ?” ಎಂದು ಕೇಳಿದೆ.

“ನಿಮ್ಮ ತೋಟದ್ದು ತಗೊಂಡು ಹೋಗಿ” ಅಂದ. ಜರಡಿಯಲ್ಲಿ ಉಳಿದ ಕಲ್ಲುಗಳನ್ನು ಪಕ್ಕಕ್ಕೆ ಸುರಿದು ಮತ್ತೆ ಮಣ್ಣು ತುಂಬಿಕೊಂಡ.